ನಮೂನೆಯಲ್ಲಿದ್ದ ‘ಫೇರ್’

ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಮದುವೆಯ ಬಯೋಡೇಟಾ ಮಾಡಿಕೊಡುವುದೇ ಹೆಚ್ಚಿನ ಕೆಲಸ. ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಜನ ಬರುತ್ತಾರೆ. ಕಂಪ್ಯೂಟರಿನಲ್ಲಿ ಒಂದು ನಮೂನೆ ಇಟ್ಟಿದ್ದೆ. ಹೆಸರು, ಎತ್ತರ, ಓದು ಎಲ್ಲ ಖಾಲಿ. ಬಣ್ಣದ ಮುಂದೆ ಮಾತ್ರ ಇಂಗ್ಲಿಷಿನಲ್ಲಿ ‘ಫೇರ್’ ಎಂದು ಮೊದಲೇ ಕೂತಿರುತ್ತಿತ್ತು. ಯಾರೂ ತೆಗೆಸಿರಲಿಲ್ಲ.

ಹೋದ ವರ್ಷ ಮೇಲವಂಕಿಯ ಕುರಿಗಾರರೊಬ್ಬರು ಮಗಳೊಂದಿಗೆ ಬಂದರು. ಹುಡುಗಿ ಬಿ.ಎ. ಮುಗಿಸಿದ್ದಳು, ನನ್ನ ಹಾಗೆಯೇ ಕಪ್ಪು. ನಾನೇ ಮಾಡಿಕೊಟ್ಟಿದ್ದ ಹಳೆಯ ಬಯೋಡೇಟಾಕ್ಕೆ ಹೊಸ ಫೋಟೊ ಹಾಕಿಸಬೇಕಿತ್ತು.

“ಪೇರ್ ಅಂತ ಐತಲ್ರಿ ಅಕ್ಕಾರ, ಅದು ಹಂಗ ಇರ್ಲಿ,” ಅಂದರು ತಂದೆ.

“ಪೇರ್ ಅಲ್ರಿ ಕಾಕಾ, ಫೇರ್. ಕೆಳಗಿನ ತುಟಿ ಹಲ್ಲಿಗೆ ಹಚ್ಚಿ ಗಾಳಿ ಬಿಡ್ರಿ.” ದೊಡ್ಡ ಪಂಡಿತೆ ನಾನು. ಪಾಪ, ಆ ಮನುಷ್ಯ ನಾಲ್ಕು ಸಲ ತುಟಿ ಕಚ್ಚಿ ಕಲಿತರು.

“ಅದರ ಅರ್ಥಾನೂ ಅಪ್ಪಗ ಹೇಳ್ರಿ,” ಅಂದಳು ಹುಡುಗಿ.

“ಮೈಬಣ್ಣ ಬೆಳ್ಳಗ ಐತಿ ಅಂತ,” ಅಂದೆ.

ತಂದೆ ಮಗಳ ಮುಖ ನೋಡಿದರು. “ನಾ ಅದಕ್ಕ ‘ಚಲೋ ಹುಡುಗಿ’ ಅಂತ ಅರ್ಥ ತಿಳ್ಕೊಂಡಿದ್ನಿ.”

“ಮೂರು ಕಡಿಯವ್ರು ಬಂದ್ರು,” ಹುಡುಗಿ ನನ್ನ ಕಡೆ ತಿರುಗಿದಳು. “ಹಾಳಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಅವಲಕ್ಕಿ ತಿಂದು ಎದ್ದು ಹೋದ್ರು. ಹುಕ್ಕೇರಿಯಾಕಿ ಒಬ್ಬಾಕಿ ಬೆರಳಿಂದ ನನ್ನ ಗಲ್ಲ ತಿಕ್ಕಿ ನೋಡಿದ್ಲು, ಪೌಡರ್ ಐತೇನಂತ. ಅದನ್ನ ತಗೀರಿ.”

“ತಗದ್ರ ಯಾರೂ ಬರಂಗಿಲ್ಲವ್ವಾ,” ಅಂದೆ. ಆ ಮಾತು ಬಾಯಿಂದ ಹೇಗೆ ಬಂತೋ, ಥೂ.

ಅವಳು ನನ್ನ ಕೈಗಳನ್ನೇ ನೋಡುತ್ತ ಕೇಳಿದಳು, “ನಿಮ್ಮ ಹಾಳ್ಯಾಗ ಏನ್ ಬರ್ದಿದ್ರಿ ಅಕ್ಕಾರ?”

ನನ್ನದರಲ್ಲೂ ಅದೇ ಇತ್ತು. ಮದುವೆಯಾದ ವಾರದಲ್ಲೇ ಅತ್ತೆ ಆ ಹಾಳೆಯನ್ನು ಬಂದವರ ಮುಂದೆ ಓದಿಸಿ ನಕ್ಕಿದ್ದರು. ವರ್ಷಗಟ್ಟಲೆ ನಕ್ಕರು. ಅಷ್ಟು ಅವಮಾನ ಉಂಡವಳು ಅದನ್ನೇ ನಮೂನೆ ಮಾಡಿ ಊರ ಹೆಣ್ಣುಮಕ್ಕಳಿಗೆಲ್ಲ ಹಂಚಿದ್ದೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅಂತಾರಲ್ಲ, ನಾನೇ ಅವಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಶಬ್ದ ಅಳಿಸಿದೆ.

“ಖಾಲಿ ಬಿಡಬ್ಯಾಡ್ರಿ,” ಅಂದಳು. “ಕನ್ನಡದಾಗ ಬರೀರಿ. ಅಪ್ಪಗ ಓದಾಕ ಬರ್ಬೇಕು.”

ಬರೆದು ಪ್ರಿಂಟು ಕೊಟ್ಟೆ. ತಂದೆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಓದಿದರು: “ಕಪ್ಪು.” ನಾನು ಏನನ್ನೂ ತಿದ್ದಬೇಕಾಗಲಿಲ್ಲ.