ಬ್ಯಾಟರಿಗೆ ಎಳನೀರು

ಮನೆ ಬಿಟ್ಟು ನಾಲ್ಕು ದಿನ ಎಲ್ಲಾದರೂ ಹಾಯಾಗಿ ಬಿದ್ದಿರಬೇಕು ಎನ್ನುವವರನ್ನು ಕಂಡರೆ ನನಗಾಗದು. ಹೋಗಲಿ, ಬೇಡವೆಂದವರು ಯಾರು? ಆದರೆ ಹೋಗುವಾಗ ಫ್ಯಾನು, ಟೀವಿ, ಫ್ರಿಜ್ಜು ಎಲ್ಲವನ್ನೂ ಹೇರಿಕೊಂಡು ಹೋಗುತ್ತಾರಲ್ಲ! ಬಸವನಹುಳುವಿಗೆ ಬೇರೆ ಗತಿಯಿಲ್ಲ, ಮನೆ ಹೊರುತ್ತದೆ. ಮನುಷ್ಯನಿಗೇನು ಧಾಡಿ?

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನನ್ನ ಭಾವನಿಗೆ, ಅಂದರೆ ನನ್ನ ಹೆಂಡತಿಯ ಅಣ್ಣನಿಗೆ, ಈ ಧಾಡಿ ಹಿಡಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಹಳೆಯ ಮೆಟಡಾರ್ ವ್ಯಾನೊಂದನ್ನು ಕೊಂಡು, ಒಳಗೆ ಮಂಚ ಬಡಿಸಿ, ಫ್ಯಾನು ಸಿಕ್ಕಿಸಿ, ಎಲ್ಲಿಂದಲೋ ತರಿಸಿದ ಪುಟ್ಟ ಫ್ರಿಜ್ಜನ್ನೂ ಕೂರಿಸಿ, ಎಲ್ಲದರ ತಂತಿಯನ್ನೂ ಗಾಡಿಯ ಒಂದೇ ಬ್ಯಾಟರಿಗೆ ಗಂಟುಹಾಕಿದರು.

“ಗಾಡಿ ಓಡ್ತಾ ಓಡ್ತಾ ತಾನೇ ಚಾರ್ಜ್ ಆಯ್ತದೆ ಕಣ್ರೀ” ಎಂದರು.

ಬೀಡು ಬಿಟ್ಟ ಮೇಲೆ ಗಾಡಿ ಓಡುತ್ತದೆಯೇ ಎಂದು ಕೇಳಿದೆ. ಹೊರಡುವಾಗ ಅಪಶಕುನ ನುಡಿಯಬಾರದಂತೆ. ನಮ್ಮಲ್ಲಿ ಬುದ್ಧಿ ಹೇಳುವವನೂ ಒಂಟಿ ಸೀನೂ ಒಂದೇ.

ಜಾವಗಲ್ ದಾಟಿ, ಹಳೇಬೀಡಿಗೆ ಮೊದಲು ಸಿಗುವ ಪರಿಚಯದವರ ತೋಟದಲ್ಲಿ ಬಿಡಾರ ಹೂಡಿದೆವು. ಕರೆಂಟಿಲ್ಲದ ಜಾಗ. ನನ್ನ ಹೆಂಡತಿಯ ಜೊತೆಗೆ ಅವಳ ತಾಯಿ, ನನ್ನ ಅತ್ತೆಯವರೂ ಇದ್ದರು. ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಬಾಟಲಿ ಬಿಸಿಯಾಗಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಇದ್ದ ಒಂದೇ ಬಾಟಲಿ ಆ ಫ್ರಿಜ್ಜಿನಲ್ಲಿತ್ತು. ಹೊರಗೆ ಚೈತ್ರದ ರಣಬಿಸಿಲು.

ಹಳೇಬೀಡಿನ ಗುಡಿಯ ಗೋಡೆಯಲ್ಲಿ ಆನೆ, ಕುದುರೆ, ದಂಡು, ದಾಳಿ ಎಲ್ಲವನ್ನೂ ಸಾಲಾಗಿ ಕೆತ್ತಿದ್ದಾರೆ. ಫ್ರಿಜ್ಜು ಹೊತ್ತು ದಂಡೆತ್ತಿ ಹೋದ ರಾಜ ಮಾತ್ರ ಒಬ್ಬನೂ ಇಲ್ಲ. ಆ ಶಿಲ್ಪಿಗಳಿಗೆ ನಮ್ಮ ಭಾವನ ಪರಿಚಯವಿರಲಿಲ್ಲ, ಪಾಪ.

ಮಾರನೆಯ ಬೆಳಿಗ್ಗೆ ಫ್ಯಾನು ಏದುಸಿರು ಬಿಡತೊಡಗಿತು. ಭಾವ ಬ್ಯಾಟರಿಯ ಮುಚ್ಚಳ ತೆಗೆದು ನೋಡಿ, ನೀರು ಕಡಿಮೆಯಾಗಿದೆ ಎಂದರು. ಅದಕ್ಕೆ ಅಂಗಡಿಯ ಡಿಸ್ಟಿಲ್ಡ್ ವಾಟರ್ರೇ ಆಗಬೇಕು ಎಂದೆ. ಭಾವ ನಕ್ಕು ಒಂದು ಎಳನೀರು ಕೆತ್ತಿದರು.

“ಇದಕ್ಕಿಂತ ಸುದ್ಧವಾದ ನೀರು ಯಾವ ಅಂಗ್ಡೀಲಿ ಐತೆ? ಯಾರ ಕೈಯೂ ಮುಟ್ಟಿಲ್ಲ!”

ಬ್ಯಾಟರಿ ಗಟಗಟ ಕುಡಿಯಿತು. ತೆಂಗಿನಿಂದ ಆಗದ ಕೆಲಸವೇ ಇಲ್ಲ ಎಂದು ನಂಬಿದ ಊರಿನವರಿಗೆ ಏನು ಹೇಳೋಣ? ಹೊತ್ತೇರುವುದರೊಳಗೆ ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಗಾಡಿ ಸ್ಟಾರ್ಟ್ ಆಗಲಿಲ್ಲ. ನೂಕಿದರೆ ಉತ್ತ ಮಣ್ಣಿನಲ್ಲಿ ಚಕ್ರ ಹೂತುಕೊಂಡಿತು. ನೂಕುತ್ತಿದ್ದ ನಾನು ಪಂಚೆ ಸಮೇತ ಬೋರಲು ಬಿದ್ದೆ. ನನ್ನ ಹೆಂಡತಿ ಮಾತ್ರ ಬಿಸಿಯಾಗುತ್ತಿದ್ದ ಆ ಫ್ರಿಜ್ಜನ್ನೇ ನೋಡುತ್ತಾ ಕಣ್ಣೀರು ಹಾಕುತ್ತಿದ್ದಳು. ನನಗೂ ನಿಜವಾಗಿ ಹೆದರಿಕೆಯಾಯಿತು.

ಬಸ್ಸು ಹಿಡಿದು ಹಳೇಬೀಡಿಗೆ ಓಡಿದೆ. ಮೆಡಿಕಲ್ ಶಾಪಿನಲ್ಲಿ ಆ ಔಷಧಿ ಇರಲಿಲ್ಲ. ಐಸ್‌ಕ್ಯಾಂಡಿ ಅಂಗಡಿಯಲ್ಲಿ ಒಂದು ಗಡ್ಡೆ ಐಸು ಗಿಟ್ಟಿಸಿ ವಾಪಸು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾವನಿಗೆ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡೆ. ಮಾತು ಹರಿತವಾಗುವಷ್ಟರಲ್ಲಿ ಅರ್ಧ ಐಸು ಕರಗಿ ನನ್ನ ತೊಡೆ ಮರಗಟ್ಟಿತ್ತು.

ತೋಟಕ್ಕೆ ಬಂದು ನೋಡಿದರೆ ಹಲಸಿನ ಮರದ ನೆರಳಲ್ಲಿ ಒಂದು ಮಣ್ಣಿನ ಕುಡಿಕೆ. ಅದಕ್ಕೆ ಒದ್ದೆ ಟವೆಲ್ ಸುತ್ತಿತ್ತು, ಒಳಗೆ ಬಾಟಲಿ. ಕೊಬ್ಬರಿ ಮಂಡಿಯಲ್ಲಿ ಕೂತಲ್ಲೇ ಆಳಿನಿಂದ ಗಾಳಿ ಹಾಕಿಸಿಕೊಳ್ಳುತ್ತಿದ್ದ ನಮ್ಮ ಭಾವ, ಅಂಗಿ ಬಿಚ್ಚಿ ಕುಕ್ಕರಗಾಲಿನಲ್ಲಿ ಕೂತು, ಹಾಳೆತಟ್ಟೆಯಿಂದ ಆ ಕುಡಿಕೆಗೆ ಗಾಳಿ ಬೀಸುತ್ತಿದ್ದರು. ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೈ ನಿಂತರೆ ಪಕ್ಕದಲ್ಲಿದ್ದ ಅತ್ತೆ ಗದರುತ್ತಿದ್ದರು.

ಬಾಟಲಿ ಮುಟ್ಟಿ ನೋಡಿದೆ. ತಣ್ಣಗಿತ್ತು. ಮಸೆದ ಮಾತುಗಳನ್ನು ನುಂಗಿ, ಉಳಿದ ಐಸನ್ನು ಕುಡಿಕೆಯ ಪಕ್ಕಕ್ಕಿಟ್ಟೆ.

“ಬನ್ನಿ ಅಳಿಯಂದಿರೇ” ಎಂದು ಅತ್ತೆ ಮಗನ ಕಡೆ ಬೆರಳು ತೋರಿಸಿದರು. “ನಮ್ಮನೆ ಫ್ರಿಜ್ಜು ಈಗ ಸರಿಯಾಗಿ ಕೆಲ್ಸ ಮಾಡ್ತಾ ಐತೆ. ಇದ್ಕೆ ಕರೆಂಟೂ ಬ್ಯಾಡ, ಚಾರ್ಜೂ ಬ್ಯಾಡ. ಆಗಾಗ ಎರಡು ಮಾತು ಬೈದ್ರೆ ಸಾಕು.”