ಅಮವಾಸ್ಯೆಗೊಮ್ಮೆ ಕತ್ತರಿಸಿದ ಗಿಡ

ಮೊನ್ನೆ ರೋಣದ ಸೀರೆ ಅಂಗಡಿಯಲ್ಲಿ ಮಾಲೀಕರು ಕೈಮಗ್ಗದ ಸೀರೆಯೊಂದನ್ನು ಹರವಿ, ಸೆರಗಿನ ಬದಿ ಹೊರಬಂದಿದ್ದ ಎಳೆಯನ್ನು ಪುಟ್ಟ ಕತ್ತರಿಯಿಂದ ಕಚಕ್ಕನೆ ಕತ್ತರಿಸಿದರು. ಸೀರೆ ಬೇಡವೆಂದು ಎದ್ದು ಬಂದೆ. ಪಾಪ, ಬೆಲೆ ಹೆಚ್ಚಾಯಿತೆಂದು ಅವರು ತಿಳಿದಿರಬೇಕು...

ಅಂಥದೇ ಕತ್ತರಿ ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ಕಾಕುವಿನ ಮಗ್ಗದ ಬದಿಗೆ ತೂಗುತ್ತಿತ್ತು. ಕಾಕು ಎಂದರೆ ಚಿಕ್ಕಮ್ಮ; ಓಣಿಗೆಲ್ಲ ಅವರು ಕಾಕು. ಸೀರೆ ನೇಯುವವರು. ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೋಗಿ, ಅವರ ಗೋಡೆಗೆ ಗೋಡೆ ಹಚ್ಚಿದ ಬಾಡಿಗೆ ಮನೆಯಲ್ಲಿದ್ದೆ. ವಯಸ್ಸಿನಲ್ಲಿ ಮಗಳಂತಿದ್ದ ನನ್ನನ್ನು ಅವರು, ಅಲ್ಲಿ ಟೀಚರನ್ನು ಕರೆಯುವಂತೆ, ‘ಅಕ್ಕಾರ’ ಎಂದೇ ಕರೆಯುತ್ತಿದ್ದರು.

ಸೀರೆ ಮಾರಲು ಪುಣೆಗೆ ಹೋದಾಗ ಅವರೊಂದು ಜರ್ದಾಳು, ಅಂದರೆ ಏಪ್ರಿಕಾಟ್ ಗಿಡ ತಂದಿದ್ದರು. ಹಣ್ಣಿಗಲ್ಲ, ಹೂವಿಗೆಂದೇ ಬೆಳೆಸುವ ಜಾತಿ. ಅದನ್ನು ತಟ್ಟೆಯಂಥ ಕುಂಡದಲ್ಲಿ ಮೊಳದುದ್ದಕ್ಕೆ ತಡೆದು ಬೋನ್ಸಾಯ್ ಮಾಡುವುದನ್ನೂ ಅಲ್ಲಿಯೇ ಕಲಿತು ಬಂದಿದ್ದರು, ಅರ್ಧಂಬರ್ಧ. ಟೊಂಗೆ ಬಗ್ಗಿಸಲು ತಂತಿಯ ಬದಲು ಮಗ್ಗದ ನೂಲನ್ನೇ ಕಟ್ಟುತ್ತಿದ್ದರು. ಅಮವಾಸ್ಯೆಗೆ ಮಗ್ಗಕ್ಕೆ ಸೂಟಿ. ಆ ದಿನವೆಲ್ಲ ಗಿಡದ ಸೇವೆ. ಹಳೆಯ ನೂಲು ಬಿಚ್ಚಿ ಹೊಸದು ಕಟ್ಟಿ, ಹೊರಚಾಚಿದ ಚಿಗುರನ್ನೆಲ್ಲ ಕತ್ತರಿಸುವುದು. ಎಳೆ ಹೊರಬಿದ್ದ ಸೀರೆಯನ್ನು ಯಾವ ನೇಕಾರರೂ ಮಡಚಿಡುವುದಿಲ್ಲ, ಗಿಡವೂ ಹಾಗೇ ಎಂದು ಅವರ ವಾದ. ಆಕಾರವೇನೋ ಚೆಂದ ಬಂತು. ಏಳು ವರ್ಷವಾದರೂ ಹೂ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಕಾಕುವಿನ ಕಣ್ಣು ಮಸುಕಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರು. ಕಾಕು ಅಳಲಿಲ್ಲ.

“ಪೂರಾ ಹೋಗೂದ್ರಾಗ ಒಮ್ಮಿ ಇದರ ಹೂ ನೋಡಿದ್ರ ಸಾಕ್ರಿ, ಅಕ್ಕಾರ” ಎಂದರು.

ಅಂದಿನಿಂದ ಕತ್ತರಿ ನನ್ನ ಕೈಗೆ ಬಂತು. ಮಕ್ಕಳ ತಪ್ಪು ತಿದ್ದಿ ರೂಢಿಯಾದ ಕೈ. ಒಂದು ಚಿಗುರನ್ನೂ ಬಿಡದೆ ಕತ್ತರಿಸಿದೆ. ಎರಡು ವರ್ಷ, ತಪ್ಪದೆ.

ಆಮೇಲಿನ ಮುಂಗಾರಿನಲ್ಲಿ ಅವ್ವ ಬಿದ್ದು ಕಾಲು ಮುರಿದುಕೊಂಡಳೆಂದು ನಾನು ರಜೆ ಹಾಕಿ ನರಗುಂದಕ್ಕೆ ಹೋದೆ. ದೀಪಾವಳಿ ಕಳೆದು ಮರಳಿದಾಗ ಕಾಕುವಿಗೆ ಬೆಳಕೂ ಕತ್ತಲೆಯೂ ಒಂದೇ ಆಗಿತ್ತು. ಗಿಡ ತಲೆ ಕೆದರಿಕೊಂಡು ನಿಂತಿತ್ತು. ನಾನು ಕತ್ತರಿ ಎತ್ತಿಕೊಂಡರೆ ಅವರೇ ತಡೆದರು. ಇನ್ನು ನೋಡುವವರು ಯಾರಿದ್ದಾರೆ, ಇರಲಿ ಬಿಡಿ ಎಂದರು.

ಸಂಕ್ರಾಂತಿಯ ಆಸುಪಾಸು. ಆ ವರ್ಷ ಚಳಿ ಜೋರಿತ್ತು. ಒಂದು ಬೆಳಿಗ್ಗೆ ನೋಡಿದರೆ ಎಲೆಯಿಲ್ಲದ ಕಡ್ಡಿಗಳಲ್ಲಿ ನಸುಗೆಂಪು ಹೂ! ಓಡಿಹೋಗಿ ಬಗ್ಗಿ ನೋಡಿದೆ. ಎಲ್ಲವೂ ಆ ಮಳೆಗಾಲದಲ್ಲಿ ಯಾರೂ ಕತ್ತರಿಸದೆ ಉಳಿದ ಉದ್ದನೆಯ ಚಿಗುರುಗಳ ಮೇಲೇ ಇದ್ದವು. ಮುಂದಿನ ಚಳಿಗೆ ಅರಳಬೇಕಾದ ಮೊಗ್ಗು ಮಳೆಗಾಲದ ಚಿಗುರಿನಲ್ಲೇ ಕೂತಿರುತ್ತದಂತೆ. ಅದನ್ನು ನಾವು ಪ್ರತಿ ವರ್ಷ ಕತ್ತರಿಸಿ ಕಸಕ್ಕೆ ಚೆಲ್ಲಿದ್ದೆವು.

ಕಾಕುವನ್ನು ಕೈಹಿಡಿದು ಕರೆತಂದು ಗಿಡದ ಮುಂದೆ ಕೂರಿಸಿದೆ. ಅವರ ಬೆರಳುಗಳು ಹೂ ಮುಟ್ಟಿದವು, ಎಸಳು ಎಣಿಸಿದವು, ಕಡ್ಡಿಯಗುಂಟ ಕೆಳಗಿಳಿದವು. ಮತ್ತೊಂದು ಹೂ, ಮತ್ತೊಂದು ಉದ್ದನೆಯ ಕಡ್ಡಿ... ಆಮೇಲೆ ನಿಂತುಬಿಟ್ಟವು.

“ನಾವ ಕತ್ತರಿಸಿದ್ದಕ್ಕ ಇದು ಹೂ ಬಿಟ್ಟಿದ್ದಿಲ್ಲೇನ್ರಿ, ಅಕ್ಕಾರ?”

“ಇಲ್ರಿ ಕಾಕು. ಗಿಡಕ್ಕ ವಯಸ್ಸಾಗಬೇಕಿತ್ತು, ಈಗ ಆಗೇತಿ” ಎಂದೆ.

ಅವರು ತಲೆಯಾಡಿಸಿದರು. ಬಣ್ಣ ಯಾವುದೆಂದು ಕೇಳಿದರು, ಹೇಳಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಕಾಕು ಹೋಗಿ ಈಗ ನಾಲ್ಕು ವರ್ಷ. ಮಗ್ಗದ ಮೇಲಿನ ಅಷ್ಟೊಂದು ಎಳೆಗಳಲ್ಲಿ ಹರಿದದ್ದೊಂದನ್ನು ಬೆರಳಿನಿಂದಲೇ ಹುಡುಕುತ್ತಿದ್ದ ಅವರಿಗೆ ನನ್ನ ಸುಳ್ಳು ಗೊತ್ತಾಗದೆ ಇದ್ದೀತೇ? ನನಗೆ ನೋವಾಗಬಾರದೆಂದು ನಂಬಿದಂತೆ ಮಾಡಿದರು, ಅಷ್ಟೇ. ಅಂದು ನಾನು ‘ಹೌದ್ರಿ’ ಎಂದಿದ್ದರೆ ಇಬ್ಬರೂ ಕೂಡಿ ಅಳಬಹುದಿತ್ತು. ಅವರು ಒಬ್ಬರೇ ಅತ್ತಿರಬೇಕು.