ಯಾರೂ ಒತ್ತಾಯ ಮಾಡದ ಹೋಳಿಗೆ

ಕೋಡಿಂಬಾಳದ ಮಹೇಶ್ವರ ಭಟ್ಟ ಮನೆಯಲ್ಲಿ ಒಂದು ದಿನವೂ ಸಿಹಿ ಮಾಡಿಕೊಂಡವನಲ್ಲ. ಅಮ್ಮ ತೀರಿಕೊಂಡ ಮೇಲೆ ಅವನ ಒಲೆಯ ಮೇಲೆ ಬೇಯುತ್ತಿದ್ದುದು ಗಂಜಿ ಮಾತ್ರ. ಹೆಣ್ಣು ಹುಡುಕಿ ಹುಡುಕಿ ವಯಸ್ಸು ನಲವತ್ತೇಳಾಯಿತು. ಈಗ ಯಾರೂ ಜಾತಕ ಕೇಳುತ್ತಿರಲಿಲ್ಲ. ಒಮ್ಮೆ ಪೇಟೆಯಿಂದ ಮೈಸೂರುಪಾಕು ತಂದು ಒಬ್ಬನೇ ಕುಳಿತು ತಿಂದು ನೋಡಿದ. ಎರಡನೆಯ ತುಂಡಿಗೇ ಸಾಕಾಯಿತು. ಉಳಿದದ್ದು ಇರುವೆಗಳ ಪಾಲು.

ಆದರೆ ಮದುವೆ, ಮುಂಜಿ ಎಂದು ಯಾವ ಜೆಂಬರವಿದ್ದರೂ ಊಟದ ಪಂಕ್ತಿಯಲ್ಲಿ ಅವನೇ ಬೇರೆ. ಹೋಳಿಗೆ ಬಂತೆಂದರೆ ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಬೇಡ, ಬೇಡ ಮಾರಾಯ್ರೆ!" ಎಂದು ಬೊಬ್ಬೆ ಹಾಕುವನು. ಬಡಿಸುವವರು ಬಿಡುವರೇ? ಒಬ್ಬ ಕೈ ಹಿಡಿದೆಳೆದರೆ ಇನ್ನೊಬ್ಬ ಬೆರಳ ಸಂದಿಯಲ್ಲಿ ತುರುಕುವನು, ಮತ್ತೊಬ್ಬ ಮೇಲಿಂದ ತುಪ್ಪ ಸುರಿಯುವನು. ಆಚೀಚೆ ಕುಳಿತವರು ದೊಡ್ಡ ಸ್ವರದಲ್ಲಿ "ಒಂಬತ್ತು! ಹತ್ತು!" ಎಂದು ಎಣಿಸುವರು. ಹನ್ನೊಂದು ಮುಗಿಸಿ ತೇಗುವಾಗ ಅವನ ಮುಖದಲ್ಲಿ ಮದುಮಗನ ಕಳೆ.

ಕಳೆದ ವರ್ಷ ಪುತ್ತೂರಿನ ಡಾಕ್ಟರು ತೂಕ ನೋಡಿದರು. ತೊಂಬತ್ತಾರು ಕಿಲೋ. "ಲಿವರಿಗೆ ಕೊಬ್ಬು ಹತ್ತಿದೆ ಭಟ್ರೇ. ದಿನಾ ನಡೀರಿ. ಸಿಹಿ ಪೂರಾ ಬಿಡುದು ಬೇಡ, ಜೆಂಬರಕ್ಕೆ ಹೋದಲ್ಲಿ ಒಂದು ಹೋಳಿಗೆ, ಅಷ್ಟೆ."

ಹೆದರಿದ ಮಹೇಶ್ವರ, ಬಾಯಿ ತಡೆಯುವುದು ತನ್ನಿಂದಾಗದು ಎಂದುಕೊಂಡು ಕಾಣಿಯೂರಿನ ಮನೋರಮಾ ಅತ್ತಿಗೆಗೆ ಫೋನು ಮಾಡಿದ. ದಾಯಾದಿ ಅಣ್ಣನ ಹೆಂಡತಿ ಅವಳು. ಅವಳಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

"ನಂಗೆ ಯಾರೂ ಒತ್ತಾಯ ಮಾಡುದು ಬೇಡ ಅತ್ತಿಗೆ. ಎಲ್ಲರಿಗೂ ಹೇಳಿಬಿಡಿ."

ಮಾತು ದೂರದ ಕಲ್ಲುಗುಂಡಿಯ ನೆಂಟರವರೆಗೆ ಹೋಯಿತು.

ಮರುದಿನದಿಂದ ಬೆಳಗಾದರೆ ರೈಲ್ವೆ ಸ್ಟೇಷನಿನವರೆಗೆ ನಡೆದು ಹೋಗುವುದು, ತಿರುಗಿ ಬರುವುದು. ದಾರಿಯಲ್ಲಿ ರಬ್ಬರು ಹಾಲು ತೆಗೆಯುವ ಶೀನಪ್ಪ ಮಾತ್ರ ಕೇಳುತ್ತಿದ್ದ, "ಎಂತ ಭಟ್ರೇ, ಇವತ್ತೂ ರೈಲು ತಪ್ಪಿತಾ?" ಅದೇ ಅವನ ದಿನದ ಮೊದಲ ಮಾತು; ಎಷ್ಟೋ ದಿನ ಕೊನೆಯದ್ದೂ. ಎಂಟು ತಿಂಗಳಲ್ಲಿ ತೂಕ ಎಂಬತ್ತೆರಡಕ್ಕೆ ಇಳಿಯಿತು. ಅಂಗಿ ಜೋತುಬಿತ್ತು.

ಮನೋರಮೆಯ ಮೊಮ್ಮಗನ ಉಪನಯನ ಬಂತು. ಮಹೇಶ್ವರ ಹಿಂದಿನ ದಿನವೇ ನಿಶ್ಚಯ ಮಾಡಿಕೊಂಡಿದ್ದ: ಒಂದು ಹೋಳಿಗೆ ತಿನ್ನುವುದು, ಉಳಿದದ್ದಕ್ಕೆ ಕೈ ಅಡ್ಡ ಹಿಡಿದು ಚೆನ್ನಾಗಿ ಗಲಾಟೆ ಮಾಡುವುದು. ಗಲಾಟೆಗೆ ತೂಕ ಏರುವುದಿಲ್ಲವಲ್ಲ!

ಹೋಳಿಗೆಯ ಹರಿವಾಣ ಹಿಡಿದು ಬಂದವನು ಮನೋರಮೆಯ ಅಳಿಯ ಶಶಾಂಕ. ಮಹೇಶ್ವರ ಕೈ ಎತ್ತುವ ಮೊದಲೇ ಅವನ ಎಲೆ ದಾಟಿ ಪಕ್ಕದವರಿಗೆ ಬಗ್ಗಿದ.

"ಶಶಾಂಕಾ, ಎಂತ, ನಾನು ಕಾಣುದಿಲ್ವಾ?"

"ಅಯ್ಯೋ ಮಾವ, ನಿಮ್ಗೆ ಪಥ್ಯ ಅಲ್ವಾ? ಅತ್ತೆ ಮೊದಲೇ ಹೇಳಿದ್ದಾರೆ." ಕೋಸಂಬರಿಯವನನ್ನು ಕರೆದ. "ಇಲ್ಲಿ ಮಾವನಿಗೆ ಇನ್ನೂ ಸ್ವಲ್ಪ ಹಾಕು."

ಎದುರು ಪಂಕ್ತಿಯ ಯಜ್ಞೇಶ್ವರ ಮೆಚ್ಚಿ ತಲೆಯಾಡಿಸಿದ. "ಎಷ್ಟು ಸಪೂರ ಆಗಿದ್ದೀಯಾ ಮಾರಾಯ! ಮನಸ್ಸು ಗಟ್ಟಿ ಉಂಟು ನಿಂದು."

ಮಹೇಶ್ವರನ ಕಿವಿ ಬಿಸಿಯಾಯಿತು. ಪಂಕ್ತಿಯಲ್ಲಿ ಕುಳಿತು ಹೋಳಿಗೆ ಕೇಳಿ ಹಾಕಿಸಿಕೊಂಡವನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಕೇಳಿದ.

"ಒಂದು ಹಾಕು. ಡಾಕ್ಟ್ರು ಒಂದಕ್ಕೆ ಅಡ್ಡಿ ಇಲ್ಲ ಹೇಳಿದ್ದಾರೆ."

ಶಶಾಂಕ ಆಚೀಚೆ ನೋಡಿ, ಒಂದು ಹೋಳಿಗೆ ಎಲೆಯ ತುದಿಗೆ ಮೆಲ್ಲಗೆ ಇಟ್ಟ. ತುಪ್ಪದವನು ಬರಲಿಲ್ಲ. ಯಾರೂ ಎಣಿಸಲಿಲ್ಲ. ಮಹೇಶ್ವರ ಚೂರು ಚೂರೇ ಮುರಿದು ಬಾಯಿಗೆ ಹಾಕಿಕೊಂಡ. ಬೆಲ್ಲ, ಏಲಕ್ಕಿ ಎಲ್ಲ ಸರಿಯಾಗಿಯೇ ಇತ್ತು.

ಬಡಿಸುವವರು ಎರಡನೆಯ ಸಲ ಹೋಳಿಗೆ ವಿಚಾರಿಸಿಕೊಂಡು ಬರುವಾಗ ಆಚೆ ತುದಿಯಲ್ಲಿ ಯಾರದೋ ಎಲೆಯ ಹತ್ತಿರ ಗುಲ್ಲೆದ್ದಿತು. "ಏಳು! ಎಂಟು!" ಎಲ್ಲರೂ ಕತ್ತು ಉದ್ದ ಮಾಡಿ ಅತ್ತ ನೋಡಿದರು. ಶಶಾಂಕ ಅಲ್ಲಿಗೇ ಓಡಿದ.

ಮಹೇಶ್ವರ ಮಜ್ಜಿಗೆಗೆ ಅನ್ನ ಕಲಸಿಕೊಂಡು, ಪಂಕ್ತಿ ಏಳುವುದನ್ನೇ ಕಾಯುತ್ತ ಕುಳಿತ.